ಶಾಲೆಯ ಹಬ್ಬಕ್ಕೆ ಯಜಮಾನರು ಯಾರು?

ವಿದ್ಯಾಶಾಲೆಯು ಮಕ್ಕಳಿಗೆ ಎರಡು ಬಗೆಯ ಪಾಠಗಳನ್ನು ಹೇಳುವುದು. ಪುಸ್ತಕದಿಂದ ಹೇಳುವ ಪಾಠ ಒಂದು. ಆಚಾರದಿಂದ ಹೇಳುವ ಪಾಠ ಇನ್ನೊಂದು. ಮೊದಲನೆಯದಕ್ಕೆ ಪರೀಕ್ಷೆಯುಂಟು, ಪರೀಕ್ಷೆಯಾದೊಡನೆ ಮರೆವೂ ಉಂಟು. ಎರಡನೆಯದಕ್ಕೆ ಪರೀಕ್ಷೆಯಿಲ್ಲ, ಆದರೆ ಅದು ಆಯುಷ್ಯವಿರುವ ತನಕ ಮರೆಯುವುದಿಲ್ಲ. ಹಬ್ಬದ ದಿನ ತನ್ನನ್ನು ಯಾವ ಸಾಲಿನಲ್ಲಿ ಕೂರಿಸಿದರು, ಯಾವ ಬಾಗಿಲು ತನಗೆ ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದನ್ನು ಮುದುಕನಾದ ಮೇಲೂ ಮನುಷ್ಯನು ನೆನೆಯುತ್ತಾನೆ. ಆದುದರಿಂದ ಶಾಲೆಯ ಪಠ್ಯಪುಸ್ತಕಗಳನ್ನು ಪರೀಕ್ಷಿಸಿ ನೋಡುವಷ್ಟೇ ಕಟ್ಟುನಿಟ್ಟಿನಿಂದ ಅದರ ಆಚಾರಗಳನ್ನೂ ಪರೀಕ್ಷಿಸಿ ನೋಡುವುದು ಪ್ರಜೆಗಳ ಕರ್ತವ್ಯವು. ಈ ಕರ್ತವ್ಯವನ್ನು ಬಿಟ್ಟುಬಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಕೆಲವು ಸಣ್ಣ ಊರುಗಳ ಹೈಸ್ಕೂಲುಗಳೇ ಸಾಕ್ಷಿ.

ಆ ದೇಶದಲ್ಲಿ ಹೈಸ್ಕೂಲಿನ ಕೊನೆಯ ವರ್ಷವಾದ ಹನ್ನೆರಡನೆಯ ತರಗತಿಯವರಿಗೆ ಸೀನಿಯರುಗಳೆಂದು ಹೆಸರು. ಇವರ ಸುತ್ತ ಬೆಳೆದಿರುವ ಸಂಪ್ರದಾಯಗಳು ಅನೇಕ. ತರಗತಿಯವರೆಲ್ಲರೂ ಒಂದೇ ಮಾದರಿಯ ಉಂಗುರವನ್ನು ತೊಡುವರು. ಇದು 1835ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ ಮೊದಲಾದ ಪದ್ಧತಿ. ಪದವಿಯ ದಿನ ಟೋಪಿಗಳನ್ನು ಮೇಲಕ್ಕೆ ಎಸೆಯುವರು. ಇದನ್ನು 1912ರಲ್ಲಿ ಅನ್ನಾಪೊಲಿಸ್ ನೌಕಾ ವಿದ್ಯಾಲಯದವರು ಆರಂಭಿಸಿದರೆಂದು ಹೇಳುವರು. ಮೆರವಣಿಗೆಗೆ ಬಾರಿಸುವ ವಾದ್ಯಗೀತವು ಇಂಗ್ಲೆಂಡಿನ ಎಲ್ಗರ್ 1901ರಲ್ಲಿ ರಚಿಸಿದುದು. ಅದು 1905ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ನುಡಿದ ಬಳಿಕ ದೇಶದ ಶಾಲೆಗಳಿಗೆಲ್ಲ ಹಬ್ಬಿತು. ಎಲ್ಲರ ಭಾವಚಿತ್ರಗಳಿರುವ ವಾರ್ಷಿಕ ಸಂಪುಟ, ದೂರದ ಪ್ರವಾಸ, ಶಾಲೆಗೆ ಬಿಟ್ಟುಹೋಗುವ ಕಾಣಿಕೆ, ಇವೂ ಉಂಟು. ಇವೆಲ್ಲಕ್ಕೂ ಕಳಶಪ್ರಾಯವಾದುದು ವಸಂತಕಾಲದ ನೃತ್ಯೋತ್ಸವವು. ಅದನ್ನು ಪ್ರಾಮ್ ಎನ್ನುವರು. ಹುಡುಗರು ಕಪ್ಪು ಕೋಟು ತೊಟ್ಟು, ಹುಡುಗಿಯರು ನೆಲಮುಟ್ಟುವ ನಿಲುವಂಗಿ ತೊಟ್ಟು, ಜೊತೆಜೊತೆಯಾಗಿ ಸಭಾಂಗಣವನ್ನು ಪ್ರವೇಶಿಸುವಾಗ ಊರಿಗೆ ಊರೇ ಬೀದಿಯಲ್ಲಿ ನಿಂತು ನೋಡುವುದು. ಎರಡು ಸಾವಿರ ಜನವಸತಿಯ ಊರಿನಲ್ಲಿ ಇದಕ್ಕಿಂತ ದೊಡ್ಡ ಉತ್ಸವ ಮತ್ತೊಂದಿಲ್ಲ. ಮುಂದೆ ಕಾಲೇಜಿಗೆ ಹೋಗದೆ ಹೊಲಕ್ಕೋ ಕಾರ್ಖಾನೆಗೋ ಹೋಗುವ ಮಕ್ಕಳಿಗೆ ಇದು ಬಾಲ್ಯದ ಕೊನೆಯ ಮಂಗಳಾರತಿ ಇದ್ದಂತೆ.

ಈ ಸಂಪ್ರದಾಯಗಳ ಮೇಲೆ ಯಾರಿಗೂ ಹಗೆಯಿರಬೇಕಾದುದಿಲ್ಲ. ಕೂಡಿ ಕಲಿತವರು ಅಗಲುವ ಮುನ್ನ ಕೂಡಿ ನಲಿಯುವುದು ಸಹಜವೂ ಸುಂದರವೂ ಆದ ಸಂಗತಿ. ಪ್ರಶ್ನೆಯೇಳುವುದು ‘ಕೂಡಿ’ ಎಂಬ ಮಾತಿನಲ್ಲಿ.

ವಾಚಕರಿಗೆ ತಿಳಿದಿರುವಂತೆ, ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಮಕ್ಕಳಿಗೂ ಕಪ್ಪುಜನರ ಮಕ್ಕಳಿಗೂ ಬೇರೆಬೇರೆ ಶಾಲೆಗಳಿದ್ದವು. ಹೀಗೆ ಬೇರ್ಪಡಿಸುವುದು ರಾಜ್ಯಾಂಗಕ್ಕೆ ವಿರುದ್ಧವೆಂದು 1954ನೆಯ ಮೇ 17ರಂದು ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವು ಏಕಕಂಠದಿಂದ ತೀರ್ಪಿತ್ತಿತು. ತೀರ್ಪು ಬಂದುದೇನೋ ನಿಜ. ಅದು ಊರುಗಳನ್ನು ಮುಟ್ಟಲು ಹದಿನೈದು ಹದಿನಾರು ವರ್ಷಗಳು ಹಿಡಿದವು. ಇನ್ನು ತಡಮಾಡಕೂಡದೆಂದು 1969ರಲ್ಲಿ ನ್ಯಾಯಸ್ಥಾನವು ಮತ್ತೊಮ್ಮೆ ಗದರಿಸಿ ಹೇಳಬೇಕಾಯಿತು. ಆ ಬಳಿಕ, 1970ರ ಸುಮಾರಿಗೆ, ಮಿಸಿಸಿಪ್ಪಿ, ಜಾರ್ಜಿಯಾ ಮುಂತಾದ ರಾಜ್ಯಗಳ ಸಣ್ಣ ಊರುಗಳಲ್ಲಿಯೂ ಎರಡು ವರ್ಣದ ಮಕ್ಕಳು ಒಂದೇ ಸೂರಿನಡಿ ಕುಳಿತರು. ಒಂದೇ ಪುಸ್ತಕವನ್ನು ಓದಿದರು. ಒಂದೇ ಫುಟ್‌ಬಾಲ್ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡಿದರು. ಒಂದೇ ವೇದಿಕೆಯ ಮೇಲೆ ಪ್ರಮಾಣಪತ್ರ ಪಡೆದರು.

ಆದರೆ ಕನ್ನಡದಲ್ಲಿ ಒಂದು ಗಾದೆಯುಂಟು: ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ನ್ಯಾಯಸ್ಥಾನವು ಕೊಟ್ಟುದನ್ನು ಊರಿನ ಹಿರಿಯರು ಕೊಡಲಿಲ್ಲ. ತರಗತಿಯನ್ನು ಬೇರ್ಪಡಿಸಲು ಕಾನೂನು ಬಿಡುವುದಿಲ್ಲವೆಂದು ಕಂಡಾಗ ಅವರು ಬಹಳ ಸುಲಭವಾದ ಒಂದು ಉಪಾಯವನ್ನು ಹುಡುಕಿದರು. ಅನೇಕ ಕಡೆ ಶಾಲೆಯು ಪ್ರಾಮನ್ನು ನಡೆಸುವುದನ್ನೇ ನಿಲ್ಲಿಸಿಬಿಟ್ಟಿತು. ಉತ್ಸವವು ಮಾತ್ರ ನಿಲ್ಲಲಿಲ್ಲ. ಬಿಳಿಯ ಮಕ್ಕಳ ತಂದೆತಾಯಿಗಳು ಹಣ ಕೂಡಿಸಿ, ಬಾಡಿಗೆಗೆ ಸಭಾಂಗಣ ಹಿಡಿದು, ತಮ್ಮ ಮಕ್ಕಳಿಗೆ ಒಂದು ಪ್ರಾಮ್ ನಡೆಸಿದರು. ಕಪ್ಪುಜನರ ಮಕ್ಕಳು ಬೇರೊಂದು ದಿನ ಬೇರೊಂದು ಕಡೆ ತಮ್ಮದನ್ನು ನಡೆಸಿಕೊಂಡರು. ಶಾಲೆಯನ್ನು ಕೇಳಿದರೆ, ‘ಇದು ಖಾಸಗಿ ಸಂತೋಷಕೂಟ, ಇದರಲ್ಲಿ ಶಾಲೆಯ ಕೈಯಿಲ್ಲ’ ಎಂದು ಉತ್ತರ. ತಂದೆತಾಯಿಗಳನ್ನು ಕೇಳಿದರೆ, ‘ಇದು ಮೊದಲಿನಿಂದ ಬಂದ ಸಂಪ್ರದಾಯ’ ಎಂದು ಉತ್ತರ. ಹೀಗೆ ಹಾವೂ ಸಾಯದೆ ಕೋಲೂ ಮುರಿಯದೆ ಕಾರ್ಯ ನಡೆಯಿತು. ಅನ್ಯಾಯವಿತ್ತು, ಅದನ್ನು ಮಾಡಿದವರು ಯಾರೂ ಇರಲಿಲ್ಲ!

ಮಿಸಿಸಿಪ್ಪಿಯ ಚಾರ್ಲ್ಸ್‌ಟನ್ ಊರನ್ನು ನೋಡೋಣ. ಇದು ಟ್ಯಾಲಹ್ಯಾಚಿ ಜಿಲ್ಲೆಯ ಎರಡು ಮುಖ್ಯಸ್ಥಳಗಳಲ್ಲಿ ಒಂದು. ಮತ್ತೊಂದಾದ ಸಮ್ನರ್ ಊರಿನಲ್ಲಿಯೇ, 14 ವರ್ಷದ ಎಮೆಟ್ ಟಿಲ್ ಎಂಬ ಕಪ್ಪು ಹುಡುಗನನ್ನು ಕೊಂದವರನ್ನು ಬಿಳಿಯರೇ ತುಂಬಿದ್ದ ಪಂಚರ ಮಂಡಲಿಯು 1955ರ ಸೆಪ್ಟೆಂಬರಿನಲ್ಲಿ ನಿರ್ದೋಷಿಗಳೆಂದು ಬಿಟ್ಟುದು. ಚಾರ್ಲ್ಸ್‌ಟನ್ನಿನ ಹೈಸ್ಕೂಲು 1970ರಲ್ಲಿ ಎಲ್ಲ ವರ್ಣದವರಿಗೂ ತೆರೆಯಿತು, ಪ್ರಾಮ್ ತೆರೆಯಲಿಲ್ಲ. ಆ ಊರಿನ ನಿವಾಸಿಯಾದ ಪ್ರಸಿದ್ಧ ಚಲನಚಿತ್ರ ನಟ ಮಾರ್ಗನ್ ಫ್ರೀಮನ್, ಎಲ್ಲರೂ ಕೂಡಿ ನಡೆಸುವುದಾದರೆ ಉತ್ಸವದ ವೆಚ್ಚವನ್ನೆಲ್ಲ ತಾನೇ ಕೊಡುವುದಾಗಿ 1997ರಲ್ಲಿ ಹೇಳಿದನು. ಆ ಮಾತಿಗೆ ಯಾರೂ ಒಪ್ಪಲಿಲ್ಲ. ಹನ್ನೊಂದು ವರ್ಷಗಳ ತರುವಾಯ, 2008ರಲ್ಲಿ, ಅದೇ ಮಾತನ್ನು ಅವನು ಮತ್ತೆ ಹೇಳಿದಾಗ ಸೀನಿಯರುಗಳು ಒಪ್ಪಿದರು, ಶಾಲೆಯೂ ಒಪ್ಪಿತು. ಆ ವರ್ಷದ ಏಪ್ರಿಲಿನಲ್ಲಿ ಊರಿನ ಮೊದಲನೆಯ ಕೂಡುಪ್ರಾಮ್ ನಡೆಯಿತು. ಆಗಲೂ ಕೆಲವು ಬಿಳಿಯ ತಂದೆತಾಯಿಗಳು ತಮ್ಮ ಪ್ರತ್ಯೇಕ ಪ್ರಾಮನ್ನು ಬಿಡಲಿಲ್ಲ. ಈ ವೃತ್ತಾಂತವೆಲ್ಲ ಪಾಲ್ ಸಾಲ್ಟ್‌ಸ್ಮನ್ ತೆಗೆದ ಸಾಕ್ಷ್ಯಚಿತ್ರದಲ್ಲಿ 2009ರಲ್ಲಿ ಲೋಕದ ಕಣ್ಣಿಗೆ ಬಿತ್ತು. ಹಣವೇ ಅಡ್ಡಿಯಾಗಿದ್ದರೆ 1997ರಲ್ಲಿಯೇ ತೊಡಕು ತೀರಬೇಕಾಗಿತ್ತು. ಅಡ್ಡಿ ಹಣದ್ದಲ್ಲ ಎಂಬುದು ಆ ಹನ್ನೊಂದು ವರ್ಷಗಳಿಂದಲೇ ಸಿದ್ಧವಾಗುವುದು.

ಇಂಥ ಆಚಾರವನ್ನು ಸಮರ್ಥಿಸುವವರ ಪೂರ್ವಪಕ್ಷಗಳು ಮೂರು. ಅವನ್ನು ಒಂದೊಂದಾಗಿ ಎತ್ತಿಕೊಂಡು ವಿಚಾರಮಾಡುವುದು ಯುಕ್ತವಾಗಿದೆ.

ಮೊದಲನೆಯದು: ‘ಮನೆಯ ಮದುವೆಗೆ ಯಾರನ್ನು ಕರೆಯಬೇಕೆಂಬುದು ಮನೆಯವರ ಇಚ್ಛೆ. ಅದರಂತೆ ಖಾಸಗಿ ಕೂಟಕ್ಕೆ ಯಾರನ್ನು ಕರೆಯಬೇಕೆಂಬುದು ಕೂಟ ನಡೆಸುವವರ ಇಚ್ಛೆ.’ ಮದುವೆಯ ಮಾತು ಸರಿ. ಆದರೆ ಮದುವೆಯ ಮನೆಯವರು ನಂಟರ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕದಿಂದ ಬರೆದುಕೊಳ್ಳುವುದಿಲ್ಲ. ಪ್ರಾಮಿಗೆ ಅರ್ಹತೆ ಬರುವುದು ಆ ಶಾಲೆಯ ಸೀನಿಯರ್ ಎಂಬ ಕಾರಣದಿಂದ. ಅದರ ಹೆಸರು ಶಾಲೆಯದು, ಅದರ ಕಾಲ ಶಾಲೆಯ ವರ್ಷಾಂತ್ಯ, ಅದರ ಮಾತುಕತೆ ನಡೆಯುವುದು ಶಾಲೆಯ ಪಡಸಾಲೆಗಳಲ್ಲಿ. ಕೀರ್ತಿಗೆ ಶಾಲೆ ಬೇಕು, ಹೊಣೆಗೆ ಮಾತ್ರ ಬೇಡ ಎಂದರೆ ಹೇಗೆ? ಈ ‘ಖಾಸಗಿ’ ಎಂಬ ಶಬ್ದದ ಶಕ್ತಿಯೆಷ್ಟೆಂಬುದು 2010ರಲ್ಲಿ ಮಿಸಿಸಿಪ್ಪಿಯ ಫುಲ್ಟನ್ ಊರಿನಲ್ಲಿ ಪ್ರಕಟವಾಯಿತು. ಅಲ್ಲಿ ವಿವಾದವೆದ್ದುದು ವರ್ಣದ ವಿಷಯದಲ್ಲಲ್ಲ. ಸೀನಿಯರ್ ಹುಡುಗಿಯೊಬ್ಬಳು ಗಂಡಸರ ಉಡುಪನ್ನು ತೊಟ್ಟು, ತಾನು ಪ್ರೀತಿಸುವ ಹುಡುಗಿಯೊಡನೆ ಪ್ರಾಮಿಗೆ ಬರುವೆನೆಂದಳು. ಶಾಲಾ ಮಂಡಲಿಯು ಪ್ರಾಮನ್ನೇ ರದ್ದುಮಾಡಿತು. ಹುಡುಗಿಯ ಹಕ್ಕಿಗೆ ಭಂಗ ಬಂದಿದೆಯೆಂದು ನ್ಯಾಯಾಧೀಶರು ಸ್ಪಷ್ಟವಾಗಿ ಹೇಳಿದರು. ಆದರೆ ತಂದೆತಾಯಿಗಳು ಎಲ್ಲರಿಗೂ ತೆರೆದ ಖಾಸಗಿ ಪ್ರಾಮ್ ನಡೆಸಲಿದ್ದಾರೆಂಬ ಕಾರಣದಿಂದ, ಶಾಲೆಯೇ ನಡೆಸಬೇಕೆಂದು ಕಟ್ಟಪ್ಪಣೆ ಮಾಡಲಿಲ್ಲ. ಕೊನೆಗೆ ಆದುದೇನು? ಅವಳನ್ನು ಕರೆದ ಕೂಟದಲ್ಲಿ ಕಂಡ ವಿದ್ಯಾರ್ಥಿಗಳು ಬೆರಳಲ್ಲಿ ಎಣಿಸುವಷ್ಟು ಮಂದಿ. ಉಳಿದವರೆಲ್ಲ ಬೇರೊಂದು ಸ್ಥಳದಲ್ಲಿ ನಲಿಯುತ್ತಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ಶಾಲಾ ಮಂಡಲಿಯು 35,000 ಡಾಲರು ಕೊಟ್ಟು ರಾಜಿಮಾಡಿಕೊಂಡಿತು. ಹಣ ಬಂದಿತು, ಹೋದ ಸಂಜೆ ಬರಲಿಲ್ಲ.

ಎರಡನೆಯ ಪೂರ್ವಪಕ್ಷ: ‘ಇಬ್ಬರಿಗೂ ಇದೇ ಇಷ್ಟ. ಅವರದು ಅವರಿಗೆ, ಇವರದು ಇವರಿಗೆ. ಸಂಗೀತ ಬೇರೆ, ರುಚಿ ಬೇರೆ. ಒತ್ತಾಯದಿಂದ ಕೂಡಿಸುವುದೇಕೆ?’ ಇಷ್ಟವೆಂದರೆ ಎರಡು ಬಾಗಿಲುಗಳೂ ತೆರೆದಿರುವಾಗ ಒಂದನ್ನು ಆರಿಸುವುದು. ಒಂದು ಬಾಗಿಲು ಮುಚ್ಚಿದ್ದುದರಿಂದ ಮತ್ತೊಂದನ್ನು ಹೊಕ್ಕವನ ವಿಷಯದಲ್ಲಿ ಆ ಶಬ್ದವನ್ನು ಬಳಸುವುದು ಭಾಷೆಗೇ ಮಾಡುವ ಅಪಚಾರ. ಮಕ್ಕಳ ಇಷ್ಟವೇನೆಂಬುದನ್ನು ಮಕ್ಕಳೇ ತೋರಿಸಿಕೊಟ್ಟಿದ್ದಾರೆ. ಜಾರ್ಜಿಯಾ ರಾಜ್ಯದ ಆಶ್‌ಬರ್ನ್ ಊರಿನ ಟರ್ನರ್ ಕೌಂಟಿ ಹೈಸ್ಕೂಲಿನಲ್ಲಿ 2007ರಲ್ಲಿ ಸೀನಿಯರ್ ತರಗತಿಯ ಪದಾಧಿಕಾರಿಗಳೇ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ, ಶಾಲೆಯೇ ಎಲ್ಲರಿಗೂ ಒಂದು ಪ್ರಾಮ್ ನಡೆಸಬೇಕೆಂದು ಕೇಳಿ ನಡೆಸಿಕೊಂಡರು. ಅದೇ ರಾಜ್ಯದ ರೋಷೆಲ್ ಊರಿನ ವಿಲ್ಕಾಕ್ಸ್ ಕೌಂಟಿ ಹೈಸ್ಕೂಲಿನ ವೃತ್ತಾಂತವು ಇನ್ನೂ ವಿಚಾರಯೋಗ್ಯವಾದುದು. 2012ರಲ್ಲಿ ಆ ಶಾಲೆಯು ತನ್ನ ಶರತ್ಕಾಲದ ಉತ್ಸವಕ್ಕೆ ಮೊದಲ ಬಾರಿಗೆ ಎಲ್ಲರಿಗೂ ಒಬ್ಬಳೇ ರಾಣಿಯನ್ನು ಆರಿಸಿತು. ಆರಿಸಿಬಂದವಳು ಕಪ್ಪು ಹುಡುಗಿ. ಆದರೆ ಆ ಉತ್ಸವದ ನೃತ್ಯಕೂಟಗಳು ಮಾತ್ರ ಎಂದಿನಂತೆ ಎರಡಾಗಿಯೇ ಉಳಿದವು. ಇಡೀ ಶಾಲೆಗೆ ರಾಣಿಯಾದವಳಿಗೆ ಅರ್ಧ ಶಾಲೆಯ ಕೂಟಕ್ಕೆ ಪ್ರವೇಶವಿಲ್ಲ! ಇದನ್ನು ರುಚಿಭೇದವೆನ್ನುವವರ ಎದೆಗಾರಿಕೆಗೆ ಆಶ್ಚರ್ಯಪಡಬೇಕು.

ಮರುವರ್ಷ ಅದೇ ಶಾಲೆಯ ನಾಲ್ವರು ಹುಡುಗಿಯರು, ಇಬ್ಬರು ಬಿಳಿಯರು ಇಬ್ಬರು ಕಪ್ಪುಜನರು, ಒಟ್ಟುಗೂಡಿದರು. ಪ್ರಾಮ್ ತನ್ನ ಹೊಣೆಯಲ್ಲವೆಂಬುದೇ ಅಂದಿನವರೆಗೂ ಶಾಲೆಯ ನಿಲುವಾಗಿತ್ತು. ಹುಡುಗಿಯರು ತಾವೇ ಚಂದಾ ಎತ್ತಿದರು. ಸುದ್ದಿ ಹಬ್ಬಿದಾಗ ದೂರದೂರದಿಂದ ಹಣ ಬಂದಿತು. 2013ರ ಏಪ್ರಿಲ್ 27ರಂದು ನೆರೆಯ ಕಾರ್ಡೀಲ್ ಪಟ್ಟಣದಲ್ಲಿ ಎರಡು ವರ್ಣದ ಮಕ್ಕಳೂ ಕೂಡಿ ನರ್ತಿಸಿದರು. ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಹದಿನೇಳು ಹದಿನೆಂಟು ವರ್ಷದ ಹುಡುಗಿಯರು ಹೊತ್ತ ಈ ಭಾರವು ಸಂಬಳ ಪಡೆಯುವ ಅಧಿಕಾರಿಗಳೂ ಮತ ಪಡೆದ ಮಂಡಲಿಯ ಸದಸ್ಯರೂ ಹೊರಬೇಕಾಗಿದ್ದುದು. ದೊಡ್ಡವರು ಜಾರಿಕೊಂಡ ನೊಗಕ್ಕೆ ಎಳೆಗರುಗಳು ಹೆಗಲು ಕೊಟ್ಟವು. ಅವರ ಧೈರ್ಯವನ್ನು ಲೋಕವು ಹೊಗಳಿತು. ಹೊಗಳಿಕೆಯ ಸದ್ದಿನಲ್ಲಿ ದೊಡ್ಡವರ ನಾಚಿಕೆಗೇಡು ಕೇಳಿಸದೆ ಹೋಯಿತು.

ಮೂರನೆಯ ಪೂರ್ವಪಕ್ಷವು ಮೃದುಭಾಷಿಗಳದು: ‘ಕಾಲವೇ ಎಲ್ಲವನ್ನೂ ಸರಿಪಡಿಸುವುದು, ಆತುರ ಬೇಡ.’ ಕಾಲಕ್ಕೆ ಕೈಗಳಿಲ್ಲ. ಚಾರ್ಲ್ಸ್‌ಟನ್ನಿನಲ್ಲಿ ಕಾಲವು 38 ವರ್ಷ ಸುಮ್ಮನೆ ಕುಳಿತಿತ್ತು. ಎದ್ದು ನಿಂತವರು ಮನುಷ್ಯರು. ಮನುಷ್ಯರು ಎಚ್ಚರತಪ್ಪಿದಲ್ಲಿ ಕಾಲವು ಹಿಂದಕ್ಕೆ ಹೋದುದೂ ಉಂಟು. ಜಾರ್ಜಿಯಾದ ಬಟ್ಲರ್ ಊರಿನ ಟೇಲರ್ ಕೌಂಟಿ ಹೈಸ್ಕೂಲಿನವರು 2002ರಲ್ಲಿ, ಮೂರು ದಶಕಗಳ ತರುವಾಯ, ಒಂದೇ ಪ್ರಾಮ್ ನಡೆಸಿ ದೇಶದಲ್ಲೆಲ್ಲ ಹೆಸರಾದರು. ಮರುವರ್ಷವೇ, 2003ರಲ್ಲಿ, ಬಿಳಿಯ ವಿದ್ಯಾರ್ಥಿಗಳ ಒಂದು ಗುಂಪು ಮತ್ತೆ ತನ್ನ ಪ್ರತ್ಯೇಕ ಪ್ರಾಮನ್ನು ಏರ್ಪಡಿಸಿತು. ನೆಟ್ಟ ಸಸಿಗೆ ನೀರೆರೆಯುವ ಯಜಮಾನನಿಲ್ಲದಿದ್ದರೆ ಹೀಗಲ್ಲದೆ ಮತ್ತೇನಾದೀತು?

ಈ ಮೂರು ವಾದಗಳ ಅಡಿಯಲ್ಲಿ ಬಾಯಿಬಿಟ್ಟು ಹೇಳದ ಒಂದು ಭಯವಿದೆ. ತರಗತಿಯಲ್ಲಿ ಕೂಡಿ ಓದಿದರೆ ಸಹಪಾಠಿಗಳಾಗುವರು. ಕೈಹಿಡಿದು ಕುಣಿದರೆ ಏನಾಗಿಬಿಡುವರೋ ಎಂಬ ಭಯವು. ಎರಡು ವರ್ಣದವರ ವಿವಾಹವನ್ನು ನಿಷೇಧಿಸುವ ಶಾಸನಗಳು ಅಸಿಂಧುವೆಂದು ಅತ್ಯುಚ್ಚ ನ್ಯಾಯಸ್ಥಾನವು 1967ರಲ್ಲಿಯೇ ಸಾರಿತು. ಆದರೂ ಅಲಬಾಮಾ ರಾಜ್ಯವು ಆ ನಿಷೇಧದ ಮಾತನ್ನು ತನ್ನ ಸಂವಿಧಾನದಲ್ಲಿ 2000ನೆಯ ಇಸವಿಯವರೆಗೂ ಇಟ್ಟುಕೊಂಡಿತ್ತು. ಅದನ್ನು ತೆಗೆಯಬೇಕೇ ಎಂದು ಆ ವರ್ಷ ಜನಮತ ಕೇಳಿದಾಗ, ಬೇಡವೆಂದು ಬಂದ ಮತಗಳು ಹತ್ತರಲ್ಲಿ ನಾಲ್ಕರಷ್ಟಿದ್ದವು. ನೃತ್ಯಮಂದಿರದ ಬಾಗಿಲನ್ನು ಕಾಯುತ್ತಿದ್ದುದು ಈ ಭಯವೇ. ಸಂಗೀತದ ರುಚಿಯೂ ಅಲ್ಲ, ಸಂಪ್ರದಾಯದ ಮೇಲಿನ ಭಕ್ತಿಯೂ ಅಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರಬಹುದು: ಉತ್ಸವದ ಯಜಮಾನಿಕೆಯನ್ನು ಶಾಲೆಗೇ ಒಪ್ಪಿಸಿದರೆ, ಶಾಲೆಯ ಅಧಿಕಾರಿಯೇ ಅನ್ಯಾಯಗಾರನಾದರೆ ಏನು ಗತಿ? ಇದು ಕೇವಲ ಕಲ್ಪನೆಯಲ್ಲ. ಅಲಬಾಮಾದ ವೆಡೌವಿ ಊರಿನ ಹೈಸ್ಕೂಲಿನಲ್ಲಿ ಪ್ರಾಮನ್ನು ಶಾಲೆಯೇ ನಡೆಸುತ್ತಿತ್ತು. 1994ರ ಫೆಬ್ರವರಿಯಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯನು ವಿದ್ಯಾರ್ಥಿಗಳನ್ನೆಲ್ಲ ಸಭೆಗೂಡಿಸಿ, ಬೇರೆ ವರ್ಣದವರ ಜೊತೆಯಲ್ಲಿ ಯಾರಾದರೂ ಬರುವುದಾದರೆ ಪ್ರಾಮನ್ನೇ ನಿಲ್ಲಿಸಿಬಿಡುವೆನೆಂದು ಬೆದರಿಸಿದನು. ಬಿಳಿಯ ತಂದೆಗೂ ಕಪ್ಪು ತಾಯಿಗೂ ಹುಟ್ಟಿದ ಒಬ್ಬ ಹುಡುಗಿ ಎದ್ದು ನಿಂತು, ಹಾಗಾದರೆ ತಾನು ಯಾರ ಜೊತೆಯಲ್ಲಿ ಬರಬೇಕೆಂದು ಕೇಳಿದಳು. ಆ ಒಂದು ಪ್ರಶ್ನೆಗೆ ಊರಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಊರು ಎರಡು ಪಕ್ಷವಾಯಿತು. ಆಗಸ್ಟಿನಲ್ಲಿ ಶಾಲೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಸುಟ್ಟುಹೋಯಿತು. ಅದೇ ಮುಖ್ಯೋಪಾಧ್ಯಾಯನನ್ನು 1996ರಲ್ಲಿ ಜನರು ಇಡೀ ಜಿಲ್ಲೆಯ ಶಾಲೆಗಳ ಮೇಲ್ವಿಚಾರಕನನ್ನಾಗಿ ಆರಿಸಿದರು.

ಈ ಕಥೆಯಿಂದ ಶಾಲೆಯ ಯಜಮಾನಿಕೆ ಕೆಟ್ಟದೆಂದು ಸಿದ್ಧವಾಗುವುದೇ? ವಿಚಾರಮಾಡಿದರೆ ಇದಕ್ಕೆ ವಿರುದ್ಧವಾದುದೇ ಸಿದ್ಧವಾಗುವುದು. ವೆಡೌವಿಯಲ್ಲಿ ಅನ್ಯಾಯಕ್ಕೆ ಒಂದು ಮುಖವಿತ್ತು, ಒಂದು ಹುದ್ದೆಯಿತ್ತು. ಅದರಿಂದಲೇ ಪ್ರಶ್ನೆ ಕೇಳಲು ಹುಡುಗಿಗೆ ಎದುರಾಳಿ ಸಿಕ್ಕಿದನು. ನ್ಯಾಯಸ್ಥಾನಕ್ಕೆ ಹೋಗಲು ದಾರಿ ಸಿಕ್ಕಿತು. ದೇಶದ ನ್ಯಾಯಾಂಗ ಇಲಾಖೆಯೇ ಮಧ್ಯೆ ಬಂದಿತು. ಆ ವರ್ಷದ ಪ್ರಾಮ್ ನಿಲ್ಲದೆ ನಡೆಯಿತು. ಖಾಸಗಿ ಕೂಟಗಳ ಊರುಗಳಲ್ಲಿ ಮೂರು ನಾಲ್ಕು ದಶಕಗಳ ಕಾಲ ಅಂಥ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬುದೇ ಮಕ್ಕಳಿಗೆ ತಿಳಿಯಲಿಲ್ಲ. ಮುಖವುಳ್ಳ ಅನ್ಯಾಯದೊಡನೆ ಹೋರಾಡಬಹುದು. ಸಂಪ್ರದಾಯದ ಮುಸುಕಿನ ಅನ್ಯಾಯದೊಡನೆ ಹೋರಾಡುವುದು ನೆರಳಿನೊಡನೆ ಗುದ್ದಾಡಿದಂತೆ.

ಕನ್ನಡಿಗರು ಈ ಕಥೆಯನ್ನು ಪರದೇಶದ ವಿಚಿತ್ರವೆಂದು ಓದಿ ಮಡಿಸಿಡುವಂತಿಲ್ಲ. ಪಂಕ್ತಿಭೇದವೆಂಬ ಶಬ್ದವು ಕನ್ನಡದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಅಸ್ಪೃಶ್ಯತೆಯನ್ನು ಭಾರತದ ಸಂವಿಧಾನದ 17ನೆಯ ವಿಧಿಯು ತೊಡೆದುಹಾಕಿತು. ಆದರೂ ಅಡುಗೆಯಾಕೆ ದಲಿತಳೆಂಬ ಕಾರಣದಿಂದ ಶಾಲೆಯ ಬಿಸಿಯೂಟವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ತಂದೆತಾಯಿಗಳು ತಡೆದ ವರ್ತಮಾನಗಳು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಈ ನಾಡಿನ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲಿಯೂ ಕೇಳಿಬರುವ ಸಮಾಧಾನ ಇದೇ: ಶಾಲೆಯು ಭೇದ ಮಾಡಿಲ್ಲ, ಇದು ತಂದೆತಾಯಿಗಳ ಸ್ವಂತ ಇಚ್ಛೆ. ಶಾಲೆಯ ಅಂಗಳದಲ್ಲಿ ಎಲೆ ಹಾಕಿದ ಮೇಲೆ ಆ ಪಂಕ್ತಿಗೆ ಶಾಲೆಯೇ ಯಜಮಾನ. ಬಡಿಸುವವರಾರು, ಉಣ್ಣುವವರಾರು ಎಂಬುದರಲ್ಲಿ ಊರಿನ ಇಚ್ಛೆಗೆ ಅಲ್ಲಿ ಎಡೆಯಿಲ್ಲ.

ಸಿದ್ಧಾಂತವು ಇಷ್ಟೇ. ಶಾಲೆಯ ಹೆಸರಿನಲ್ಲಿ, ಶಾಲೆಯ ಮಕ್ಕಳೆಂಬ ಕಾರಣಕ್ಕೆ ನಡೆಯುವ ಪ್ರತಿಯೊಂದು ಉತ್ಸವವೂ ಶಾಲೆಯದು. ಅದರ ಹಣ ಶಾಲೆಯ ಲೆಕ್ಕದಲ್ಲಿ ಬರಲಿ; ಅದರ ಆಹ್ವಾನ ಶಾಲೆಯ ಪಟ್ಟಿಯಲ್ಲಿರುವ ಪ್ರತಿಯೊಂದು ಮಗುವಿಗೂ ಹೋಗಲಿ; ಅದರ ಬಾಗಿಲಲ್ಲಿ ಮುಖ್ಯೋಪಾಧ್ಯಾಯನೇ ನಿಂತು ಬಂದವರನ್ನೆಲ್ಲ ಒಳಗೆ ಕರೆಯಲಿ. ಹಾಗೆ ನಡೆಸಲಾರದ ಉತ್ಸವಕ್ಕೆ ಶಾಲೆಯು ತನ್ನ ಹೆಸರನ್ನಾಗಲಿ ತನ್ನ ಪಡಸಾಲೆಯನ್ನಾಗಲಿ ಕೊಡದಿರಲಿ. ಇದು ಅಸಾಧ್ಯವಾದ ಆದರ್ಶವೇನಲ್ಲ. ನಾಲ್ವರು ಹುಡುಗಿಯರು ತಮ್ಮ ಚಂದಾ ಹಣದಿಂದ ದಾರಿ ತೋರಿಸಿದ ಮರುವರ್ಷ, 2014ರಲ್ಲಿ, ವಿಲ್ಕಾಕ್ಸ್ ಕೌಂಟಿಯ ಹೈಸ್ಕೂಲು ತಾನೇ ಮುಂದೆ ಬಂದು ಎಲ್ಲರಿಗೂ ಒಂದೇ ಪ್ರಾಮನ್ನು ನಡೆಸಿತು. ನಾಲ್ಕು ದಶಕಗಳು ಆಗದೆಂದಿದ್ದುದು ಒಂದು ವರ್ಷದಲ್ಲಿ ಆಯಿತು. ಅದಕ್ಕೆ ಬೇಕಾಗಿದ್ದುದು ‘ಇದು ಶಾಲೆಯದು’ ಎಂದು ಶಾಲೆಯು ಒಪ್ಪಿಕೊಳ್ಳುವುದೊಂದೇ.